ಊರು ಬಿಟ್ಟು ಬಂದ ಹುಡುಗ

ಕಳೆದ ರವಿವಾರ ನನ್ನ ಮೊಮ್ಮಗ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬ್ಯಾಡಗಿ ಪೇಟೆಯ ಹಮಾಲನ ಚಿತ್ರ ಬರೆಯುತ್ತ ಕೂತಿದ್ದ. ಬೆನ್ನ ಮೇಲೆ ಮೆಣಸಿನಕಾಯಿ ಚೀಲ, ಬಾಗಿದ ಸೊಂಟ.

"ಲೆಕ್ಕ ಬಿಟ್ಟು ಇದೇನು ಮಾಡಾಕತ್ತೀಯೋ? ಚಿತ್ರ ಹೊಟ್ಟಿಗೆ ಹಿಟ್ಟು ಕೊಡತೈತೇನು?" ಎಂದು ಗದರಿಸಿದೆ. ಹುಡುಗನ ಮುಖ ಬಾಡಿತು. ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯೂಸುಫ್ ಅರಕ್ಕಲ್ ಅವರ ಕಥೆ ಹೇಳಿದೆ. ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ. ಮಕ್ಕಳೇ, ನೀವೂ ಕೇಳಿ.

ಯೂಸುಫ್ ಹುಟ್ಟಿದ್ದು 1945ರಲ್ಲಿ, ಕೇರಳದ ಚಾವಕ್ಕಾಡಿನಲ್ಲಿ. ಚಿಕ್ಕಂದಿನಲ್ಲೇ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ಮೀಸೆ ಮೂಡುವ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಬೆಂಗಳೂರಿಗೆ ಬಂದ. ಮುಂದೆ ವಿಮಾನ ತಯಾರಿಸುವ ಎಚ್‌ಎಎಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು.

ಹೊಟ್ಟೆಪಾಡಿಗೆ ಅಷ್ಟು ಸಾಕಿತ್ತು. ಆದರೆ ಚಿತ್ರದ ಹಂಬಲ ಬಿಡಲಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು 1973ರಲ್ಲಿ ಡಿಪ್ಲೊಮಾ ಪಡೆದರು. ದೆಹಲಿಯ ಗಢಿ ಸ್ಟುಡಿಯೊದಲ್ಲಿ ಅಚ್ಚುಚಿತ್ರ ಕಲಿತರು. ತಗಡಿನ ಮೇಲೆ ಚಿತ್ರ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಒತ್ತುವ ವಿದ್ಯೆ ಅದು. ಬಣ್ಣದ ಜೊತೆಗೆ ಶಿಲ್ಪವನ್ನೂ ಮಾಡಿದರು. ಕೊನೆಗೆ ನೌಕರಿ ಬಿಟ್ಟು ಕಲೆಯನ್ನೇ ನಂಬಿದರು.

ಅವರ ಚಿತ್ರಗಳಲ್ಲಿ ರಾಜರಾಣಿಯರಿಲ್ಲ. ಬೀದಿಯ ಬಡವರು, ದುಡಿದು ದಣಿದವರು, ಒಬ್ಬರೇ ಕೂತವರು ಇದ್ದಾರೆ. ಒಂಟಿತನ ಏನೆಂದು ಅವರಿಗೆ ಗೊತ್ತಿತ್ತಲ್ಲ! 1983ರಲ್ಲಿ ರಾಷ್ಟ್ರ ಪ್ರಶಸ್ತಿ ಬಂತು. 2005ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಕಲಾಮೇಳದಲ್ಲಿ ಚಿನ್ನದ ಪದಕ ಸಿಕ್ಕಿತು. ಹುಟ್ಟೂರಿನ ಸೀಮೆಯೂ ಮರೆಯಲಿಲ್ಲ, ಕೇರಳ ಸರಕಾರ ರಾಜಾ ರವಿವರ್ಮ ಪುರಸ್ಕಾರ ಕೊಟ್ಟಿತು. 2016ರ ಅಕ್ಟೋಬರ್ 4ರಂದು ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಕಥೆ ಮುಗಿಯಿತು. ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಜ್ಜಾ, ಹಂಗಾರ ನಾನೂ ಬೆಂಗಳೂರಿಗೆ ಓಡಿ ಹೋಗ್ಲೇನು?"

"ಹುಚ್ಚಪ್ಪಾ! ಅವರಿಗೆ ಅಪ್ಪ ಅವ್ವ ಇರಲಿಲ್ಲ. ನಿನಗ ನಾವೆಲ್ಲಾ ಅದೀವಲ್ಲ. ಅವರು ಓಡಿ ಬಂದಿದ್ದಕ್ಕ ದೊಡ್ಡವರಾಗಲಿಲ್ಲ, ಕಲಿಯೋದು ಬಿಡಲಿಲ್ಲ ಅದಕ್ಕ ದೊಡ್ಡವರಾದರು" ಎಂದೆ.

ಹಾವೇರಿಗೆ ಹೋದಾಗ ಒಂದು ಡ್ರಾಯಿಂಗ್ ಪುಸ್ತಕ ತಂದುಕೊಟ್ಟಿದ್ದೇನೆ. ನಮ್ಮಿಬ್ಬರ ಕರಾರು ಇಷ್ಟೇ: ಮೊದಲು ಲೆಕ್ಕ, ಆಮೇಲೆ ಚಿತ್ರ. ರಜೆಯಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ, ನಮ್ಮ ಹಳ್ಳಿಯ ಬದುಕನ್ನೇ ತೋರಿಸುವ ಶಿಲ್ಪಗಳನ್ನು ನೋಡುವುದೆಂದೂ ಮಾತಾಗಿದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟವನ್ನೂ ಒಮ್ಮೆ ತೆರೆದು ನೋಡಿ. ಗದರಿಸುವ ಮೊದಲು "ಇದು ಯಾರ ಚಿತ್ರ?" ಎಂದು ಕೇಳಿ. ನಾನು ಕೇಳಿರಲಿಲ್ಲ. ಕೇಳಿದಾಗ ಗೊತ್ತಾಯಿತು: ಆ ಹಮಾಲ ಅವನ ಗೆಳೆಯನ ಅಪ್ಪ.