ಒಡ್ಡು ಒಡೆದದ್ದು ದೇವರ ಕೃತ್ಯವೇ?

1972ನೆಯ ಇಸವಿ ಫೆಬ್ರವರಿ 26, ಶನಿವಾರ ಬೆಳಿಗ್ಗೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಬಫಲೋ ಕ್ರೀಕ್ ಎಂಬ ಕಣಿವೆಯಲ್ಲಿ ಕಲ್ಲಿದ್ದಲು ಕಂಪೆನಿಯ ಒಡ್ಡು ಒಡೆಯಿತು. ಗಣಿಯ ಕಸವನ್ನೇ ಸುರಿದು ರಾಶಿ ಮಾಡಿದ್ದ ಒಡ್ಡು ಅದು. ಕಪ್ಪು ನೀರು ಕಣಿವೆಯುದ್ದಕ್ಕೂ ನುಗ್ಗಿತು. 125 ಜನ ಸತ್ತರು, ಸುಮಾರು ನಾಲ್ಕು ಸಾವಿರ ಮಂದಿ ಮನೆ ಕಳೆದುಕೊಂಡರು. ನಾಲ್ಕೇ ದಿನ ಮುಂಚೆ ಸರಕಾರಿ ತನಿಖಾಧಿಕಾರಿ ಒಡ್ಡನ್ನು ನೋಡಿ ತೃಪ್ತಿಕರವೆಂದು ಹೇಳಿದ್ದರು. ಪಿಟ್ಸ್‌ಟನ್ ಎಂಬ ಆ ಕಂಪೆನಿಯ ಕಡೆಯವರು ನಡೆದುದನ್ನು "ದೇವರ ಕೃತ್ಯ" ಎಂದರು.

ಕಾನೂನಿನಲ್ಲಿ ಆ ಮಾತಿಗೆ ಬೇರೆ ಅರ್ಥವುಂಟೆಂದು ವಕೀಲರು ಹೇಳಬಹುದು. ಆದರೆ ಆ ಕಣಿವೆಯವರು ಬೈಬಲನ್ನು ಬಾಯಿಪಾಠ ಬಲ್ಲ ಜನ. ಹೆಂಡತಿ ಮಕ್ಕಳನ್ನು ಕೆಸರಿನಿಂದ ಎತ್ತಿದವನ ಕಿವಿಗೆ ಅದು ಹೇಗೆ ಕೇಳಿಸಿರಬೇಕು! ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಾಗ ಅವರು ಮಿಕ್ಕವರಿಗಿಂತ ಪಾಪಿಗಳೆಂದು ಹೇಳಲು ನಮ್ಮ ಕರ್ತನು ಒಪ್ಪಲಿಲ್ಲ. ಆ ಒಡ್ಡನ್ನು ಕಟ್ಟಿದ್ದು ದೇವರಲ್ಲ, ಕಂಪೆನಿ. 1974ರಲ್ಲಿ, ನ್ಯಾಯಾಲಯಕ್ಕೆ ಹೋದ ಆರುನೂರಕ್ಕೂ ಹೆಚ್ಚು ಮಂದಿಗೆ 1 ಕೋಟಿ 35 ಲಕ್ಷ ಡಾಲರು ಕೊಟ್ಟು ರಾಜಿಯಾದದ್ದೂ ಅದೇ ಕಂಪೆನಿ.

ಓದುಗ ಬಂಧುಗಳೇ, ಇಷ್ಟು ದೂರದ ಸಂಗತಿಯನ್ನು ಎತ್ತಿಕೊಂಡದ್ದಕ್ಕೆ ಕಾರಣವುಂಟು. ಬಡವರು ಬಡವರಾಗಿರುವುದು ಅವರ ನಡೆನುಡಿಯಿಂದಲೇ ಎಂಬ ಮಾತು ನಮ್ಮ ಕೂಟಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಅಪಲಾಚಿಯ ಬೆಟ್ಟಸೀಮೆಯ ಗಣಿ ಜನರ ಬಗ್ಗೆ ಈ ಮಾತನ್ನು ಪುಸ್ತಕವನ್ನಾಗಿಯೇ ಬರೆದವರು ಜ್ಯಾಕ್ ವೆಲ್ಲರ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಗಳು, 1965ರಲ್ಲಿ. ಅವರು ವರ್ಷಗಟ್ಟಲೆ ಗಣಿ ಜನರ ನಡುವೆ ಸೇವೆ ಮಾಡಿದವರು, ಅವರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಆ ಜನ ಎಲ್ಲವನ್ನೂ ಹಣೆಬರಹವೆಂದು ಕೈಕಟ್ಟಿ ಕೂರುವವರು, ಹಿಂದಿನ ಕಾಲದವರು ಎಂಬ ಅವರ ತೀರ್ಮಾನವನ್ನು ಒಪ್ಪಲಾರೆವು.

ಕೈಕಟ್ಟಿ ಹಾಕಿದವರು ಯಾರು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಏಜೆಂಟರು ಬಂದು, ಎಕರೆಗೆ ಅರ್ಧ ಡಾಲರು, ಒಂದು ಡಾಲರು ಕೊಟ್ಟು, ನೆಲದಡಿಯ ಕಲ್ಲಿದ್ದಲನ್ನು ಬರೆಸಿಕೊಂಡರು. ಮೇಲಿನ ಹೊಲ ರೈತನದೇ, ಆದರೆ ಕಲ್ಲಿದ್ದಲಿಗಾಗಿ ಅದನ್ನು ಏನು ಬೇಕಾದರೂ ಮಾಡುವ ಹಕ್ಕು ಕಂಪೆನಿಯದು! ಕೆಂಟಕಿ ರಾಜ್ಯದ ಜನ ತಮ್ಮ ಸಂವಿಧಾನವನ್ನು ತಿದ್ದಿ ಈ ಹಕ್ಕಿಗೆ ಕಡಿವಾಣ ಹಾಕಿದ್ದು 1988ರಲ್ಲಿ. ಮನೆ ಕಂಪೆನಿಯದು, ಅಂಗಡಿ ಕಂಪೆನಿಯದು, ಡಾಕ್ಟರು ಕಂಪೆನಿಯವರು. ಕೂಲಿಯನ್ನು ಎಷ್ಟೋ ಕಡೆ ಆ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಮುಷ್ಕರ ಹೂಡಿದವನ ಪಾತ್ರೆಪಗಡಿ ಬೀದಿಗೆ. ನೀಲಗಿರಿ, ವಯನಾಡಿನ ಎಸ್ಟೇಟ್ ಲೈನುಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇವಾಲಯವೂ ಕಂಪೆನಿ ಕಟ್ಟಿಸಿದ್ದೇ ಆಗಿರುತ್ತಿತ್ತು. ಪಾದ್ರಿಗಳ ಸಂಬಳ ಅಲ್ಲಿಂದ ಬರುವಾಗ ಪ್ರಸಂಗದ ವಿಷಯ ಏನಿರುತ್ತದೆ? ಕುಡಿಯಬೇಡಿ, ಜೂಜಾಡಬೇಡಿ. ಒಳ್ಳೆಯದೇ. ಆದರೆ ತಡೆಹಿಡಿದ ಕೂಲಿಯನ್ನು ಕುರಿತ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನು ಅಂಥ ಪೀಠದಿಂದ ಓದಲು ಎದೆಗಾರಿಕೆ ಬೇಕು.

ಅದೇ ಕಣಿವೆಗಳಲ್ಲಿ ಬೇರೊಂದು ಬಗೆಯ ಬೋಧಕರೂ ಇದ್ದರು. ವಾರವಿಡೀ ಗಣಿಯಲ್ಲಿ ಗುದ್ದಲಿ ಹಿಡಿದು, ಭಾನುವಾರ ಸಂಬಳವಿಲ್ಲದೆ ಬೋಧಿಸುವ ಬ್ಯಾಪ್ಟಿಸ್ಟರು. ಅವರ ಸಭೆಗಳಲ್ಲಿ ಒಬ್ಬನು ಸಾಲನ್ನು ಹೇಳಿಕೊಡುತ್ತಾನೆ, ಉಳಿದವರು ನಿಧಾನವಾಗಿ ಎಳೆದು ಹಾಡುತ್ತಾರೆ. ಪುಸ್ತಕವಿಲ್ಲದ, ಅಕ್ಷರವಿಲ್ಲದ ದಿನಗಳಿಂದ ಬಂದ ಕ್ರಮವಿದು. ನಮ್ಮ ಹಳ್ಳಿಯ ಭಜನೆಯಂತೆಯೇ! ಹೊರಗಿನಿಂದ ಬಂದವರು ಇದನ್ನು ಅಜ್ಞಾನವೆಂದರು. 1931ರಲ್ಲಿ ಕೆಂಟಕಿಯ ಹಾರ್ಲನ್ ಜಿಲ್ಲೆಯಲ್ಲಿ ಕಂಪೆನಿಯ ಪರವಾದ ಪೊಲೀಸರು ಮನೆಗೆ ನುಗ್ಗಿ ಗಂಡನನ್ನು ಹುಡುಕಿದಾಗ ಫ್ಲಾರೆನ್ಸ್ ರೀಸ್ ಎಂಬ ಹೆಣ್ಣುಮಗಳು ಗೋಡೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸಂಘದ ಹಾಡು ಬರೆದದ್ದು ಹಳೆಯ ರಾಗವೊಂದಕ್ಕೇ. ಕೈಕಟ್ಟಿ ಕೂರುವ ಜನ ಹಾಗೆ ಹಾಡು ಕಟ್ಟುತ್ತಾರೆಯೇ?

ಸಂಘವೆಂದ ಕೂಡಲೇ ಎಲ್ಲವೂ ಶುದ್ಧವೆಂದು ನಾವು ಹೇಳುವುದಿಲ್ಲ. ಗಣಿ ಕಾರ್ಮಿಕ ಸಂಘದ ಅಧ್ಯಕ್ಷ ಟೋನಿ ಬಾಯ್ಲ್, ತನ್ನ ವಿರುದ್ಧ ಚುನಾವಣೆಗೆ ನಿಂತ ಯಾಬ್ಲಾನ್ಸ್ಕಿಯವರನ್ನು ಹೆಂಡತಿ, ಮಗಳ ಸಮೇತ 1969ರ ಕೊನೆಯ ದಿನ ಕೊಲ್ಲಿಸಿದ. ಆದರೆ ಅದೇ ವರ್ಷದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಸುಮಾರು 40,000 ಗಣಿಗಾರರು, ನಾಯಕರ ಅಪ್ಪಣೆಗೆ ಕಾಯದೆ, ಕೆಲಸ ನಿಲ್ಲಿಸಿದ್ದರು. ಅವರು ಕೇಳಿದ್ದು ದೂಳಿನಿಂದ ಶ್ವಾಸಕೋಶ ಕಪ್ಪಾಗುವ ರೋಗಕ್ಕೆ ಪರಿಹಾರ. ಕಲ್ಲಿದ್ದಲ ದೂಳಿನಿಂದ ಅಪಾಯವಿಲ್ಲವೆಂದು ಕಂಪೆನಿ ಡಾಕ್ಟರುಗಳು ಹೇಳುತ್ತ ಬಂದಿದ್ದರು. ದೂಳಿಗೆ ಮಿತಿ ಹಾಕುವ ಕೇಂದ್ರ ಕಾಯಿದೆ ಆ ವರ್ಷದ ಡಿಸೆಂಬರಿನಲ್ಲಿ ಬಂತು.

1975ರ ಫೆಬ್ರವರಿ 1ರಂದು ಆ ಸೀಮೆಯ 25 ಮಂದಿ ಕಥೋಲಿಕ ಧರ್ಮಾಧ್ಯಕ್ಷರು ಒಂದು ಪಾಲನಾ ಪತ್ರ ಹೊರಡಿಸಿದರು. ಅದು ಬಡವರ ನಡತೆಯನ್ನು ತಿದ್ದಲು ಹೊರಟದ್ದಲ್ಲ. ಮೊದಲು ಜನರ ಮಾತು ಕೇಳಿಸಿಕೊಂಡು, ಆಮೇಲೆ ಕಂಪೆನಿಗಳ ಅಧಿಕಾರವನ್ನು ಪ್ರಶ್ನಿಸಿದ ಪತ್ರ ಅದು. ಧರ್ಮಾಧ್ಯಕ್ಷರು ಮೊದಲು ಕೇಳಿಸಿಕೊಂಡರೆಂಬುದೇ ನಮಗೆ ದೊಡ್ಡದಾಗಿ ತೋರುತ್ತದೆ.

ರೋಗ ಮುಗಿದಿಲ್ಲ. 2018ರಲ್ಲಿ ಪ್ರಕಟವಾದ ಸರಕಾರಿ ಸಂಶೋಧನೆಯಂತೆ, ಮಧ್ಯ ಅಪಲಾಚಿಯದಲ್ಲಿ 25 ವರ್ಷಕ್ಕೆ ಮೇಲ್ಪಟ್ಟು ದುಡಿದ ಗಣಿಗಾರರಲ್ಲಿ ಐವರಿಗೊಬ್ಬನಿಗೆ ಈ ರೋಗವಿತ್ತು. ಕಲ್ಲಿದ್ದಲ ಪದರು ತೆಳುವಾದಂತೆ ಜೊತೆಗೆ ಬಂಡೆಯನ್ನೂ ಕೊರೆಯುತ್ತಾರೆ. ಬಂಡೆಯ ಸಿಲಿಕಾ ದೂಳು ಇನ್ನೂ ಕ್ರೂರ.

ಹೊಸೂರು, ಕೃಷ್ಣಗಿರಿ ಕಡೆ ಗ್ರಾನೈಟ್ ಕೊರೆಯುವವನ ಎದೆಗೆ ಇಳಿಯುವುದೂ ಅದೇ ಸಿಲಿಕಾ. ನಮ್ಮ ಸಭೆಗಳಲ್ಲಿ ಕೆಮ್ಮಿ ಸೊರಗಿದವನ ಹೆಸರನ್ನು ಪ್ರಾರ್ಥನೆಗೆ ಓದುತ್ತೇವೆ, ಸತ್ತರೆ ದೇವರ ಚಿತ್ತವೆನ್ನುತ್ತೇವೆ. ಇನ್ನು ಮುಂದೆ ಉಪದೇಶಿಗಳು ರೋಗಿಯನ್ನು ನೋಡಲು ಹೋದಾಗ ಒಂದು ಪುಸ್ತಕವನ್ನೂ ಒಯ್ಯಲಿ ಎಂಬುದು ನಮ್ಮ ಸಲಹೆ. ಅವನು ಯಾವ ಕ್ವಾರಿಯಲ್ಲಿ ದುಡಿದ, ಎಷ್ಟು ವರ್ಷ, ಕೊರೆಯುವಾಗ ನೀರು ಬಿಡುತ್ತಿದ್ದರೋ ಇಲ್ಲವೋ, ಎಕ್ಸ್‌ರೇ ತೆಗೆಸಿದ್ದುಂಟೋ, ಇಷ್ಟನ್ನು ಕೇಳಿ ಬರೆದುಕೊಳ್ಳಲಿ, ಆಮೇಲೆ ಪ್ರಾರ್ಥಿಸಲಿ. ಪುಸ್ತಕ ತುಂಬಿದಂತೆ ಸಂಘದ ಕಚೇರಿಗೆ ತರಲಿ.