ಫ್ಯೂಸು ಹೋಗಲೇಬೇಕು ಸ್ವಾಮಿ!

ಮೀಟರು ಹೊಸದು, ಬೋರ್ಡು ಅಜ್ಜನ ಕಾಲದ್ದು. ಮೈಸೂರಿನ ಶಿವರಾಂಪೇಟೆ, ಸಂತೇಪೇಟೆ, ಅಗ್ರಹಾರದ ಎಷ್ಟೋ ಹಳೇ ಮನೆ-ಮಳಿಗೆಗಳ ಕಥೆ ಇದು. ತಟ್ಟೆ ತಿರುಗುವ ಕರೀ ಮೀಟರು ಹೋಗಿ ಅಂಕಿ ಮಿನುಗುವ ಎಲೆಕ್ಟ್ರಾನಿಕ್ ಮೀಟರು ಬಂದು ವರ್ಷಗಳೇ ಆದವು. ಅದರ ಪಕ್ಕದಲ್ಲೇ ಗೆದ್ದಲು ಮುಟ್ಟಿದ ಮರದ ಹಲಗೆ, ಬಿಳಿ ಪಿಂಗಾಣಿಯ ಎರಡು ಫ್ಯೂಸು, ತುಕ್ಕು ತಿಂದ ಮೇನ್ ಸ್ವಿಚ್ಚು. ದುಡ್ಡು ಎಣಿಸುವ ಯಂತ್ರ ಬದಲಾಯಿತು, ಜೀವ ಕಾಯುವ ಯಂತ್ರ ಮಾತ್ರ ಕೂತಲ್ಲೇ ಕೂತಿದೆ.

ಕಾರಣ ಗುಟ್ಟಿನದೇನಲ್ಲ. ಮೀಟರಿನ ತನಕ ವಿದ್ಯುತ್ ಕಂಪನಿಯ ಹೊಣೆ, ಅದರಾಚೆ ಗ್ರಾಹಕರದು. ಗ್ರಾಹಕ ಅಂದರೆ ಯಾರು ಅನ್ನೋದೇ ತಕರಾರು. ಬಾಡಿಗೆದಾರನನ್ನು ಕೇಳಿದರೆ ‘ಕಟ್ಟಡ ಅವರದ್ದಲ್ವಾ’ ಅಂತಾನೆ. ಮಾಲೀಕನನ್ನು ಕೇಳಿದರೆ ‘ಏಸಿ, ಫ್ರಿಜ್ಜು ಹಾಕ್ಕೊಂಡಿರೋರು ಅವರಲ್ವಾ’ ಅಂತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನೋ ಹಾಗೆ, ಇವರಿಬ್ಬರ ನಡುವೆ ಬೋರ್ಡು ಅನಾಥವಾಗಿದೆ.

ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ಆಮೇಲೆ ಎಷ್ಟೋ ದಶಕ ಮನೆಗೆ ಕರೆಂಟು ಅಂದರೆ ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ, ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಹಾಕಿದರೂ ಎರಡು ಆಂಪಿಯರ್ ದಾಟುತ್ತಿರಲಿಲ್ಲ. ಅದಕ್ಕೆ ತಕ್ಕ ತಂತಿ, ಅದಕ್ಕೆ ತಕ್ಕ ಬೋರ್ಡು. ತಪ್ಪೇನೂ ಇರಲಿಲ್ಲ.

ಈಗಿನ ಲೆಕ್ಕ ಬೇರೆ. ಬೆಳಗ್ಗೆ ಏಳು ಗಂಟೆಗೆ ಗೀಸರು 2000 ವಾಟ್, ಇಂಡಕ್ಷನ್ ಒಲೆ 1500, ಇಸ್ತ್ರಿಪೆಟ್ಟಿಗೆ 1000, ಮಿಕ್ಸಿ 500. ಒಟ್ಟು 5000 ವಾಟ್. 230 ವೋಲ್ಟಿನಲ್ಲಿ ಅದು 21 ಆಂಪಿಯರಿಗೂ ಮೇಲೆ. ಕರೆಂಟು ಎರಡು ಪಟ್ಟಾದರೆ ತಂತಿಯ ಕಾವು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹತ್ತು ಪಟ್ಟಾದರೆ ನೂರು ಪಟ್ಟು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ತಂತಿ ತಾಮ್ರದ್ದೂ ಅಲ್ಲ, ಅಲ್ಯೂಮಿನಿಯಮ್ಮಿನದು. ಕಾಲ ಕಳೆದ ಹಾಗೆ ಸ್ಕ್ರೂ ಸಡಿಲ, ಸಡಿಲವಾದ ಕಡೆ ಕಿಡಿ, ಕಿಡಿಯ ಪಕ್ಕದಲ್ಲಿ ಒಣಮರದ ಹಲಗೆ. ಇನ್ನೇನು ಬೇಕು?

‘ಫ್ಯೂಸು ಇದೆಯಲ್ಲ, ಅದು ಕಾಯ್ತದೆ’ ಅನ್ನಬಹುದು. ಕಾಯುತ್ತದೆ, ಕಾಯಲು ಬಿಟ್ಟರೆ. ಫ್ಯೂಸು ತಂತಿ ಹುಟ್ಟಿದ್ದೇ ಸಾಯೋದಕ್ಕೆ. ಅಳತೆ ಮೀರಿ ಕರೆಂಟು ಹರಿದರೆ ತಾನು ಕರಗಿ ಗೋಡೆಯೊಳಗಿನ ತಂತಿಯನ್ನು ಉಳಿಸೋದು ಅದರ ಕೆಲಸ. ಪೇಟೆಯಲ್ಲಿ ನಡೆಯೋದೇ ಬೇರೆ. ಫ್ಯೂಸು ಎರಡು ಸಲ ಹೋದರೆ ಎಳೆ ಎರಡು ಹಾಕ್ತಾರೆ, ಮತ್ತೆ ಹೋದರೆ ನಾಲ್ಕು. ಆಮೇಲೆ ಹಳೇ ವೈರಿನಿಂದ ಒಂದು ದಪ್ಪ ತುಂಡು ಕಿತ್ತು ಸುತ್ತಿ ‘ಇನ್ನು ಜನ್ಮಕ್ಕೂ ಹೋಗಲ್ಲ’ ಅಂತ ಕೈ ಒರೆಸಿಕೊಳ್ತಾರೆ. ಹೋಗಲ್ಲ, ನಿಜ. ಹೋಗೋದು ಗೋಡೆಯೊಳಗಿನ ತಂತಿ. ಕಾವಲುಗಾರ ಕೂಗಿ ನಿದ್ದೆ ಕೆಡಿಸಿದ ಅಂತ ಅವನ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು.

ಹಳೇ ಬೋರ್ಡಿನಲ್ಲಿ ಇನ್ನೊಂದು ಮೋಸವಿದೆ. ಫೇಸಿಗೊಂದು ಫ್ಯೂಸು, ನ್ಯೂಟ್ರಲ್‌ಗೂ ಒಂದು ಫ್ಯೂಸು. ನ್ಯೂಟ್ರಲ್ ಕಡೆಯದು ಮಾತ್ರ ಹೋದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ. ಕರೆಂಟು ಹೋಯಿತು ಅಂತ ಹೋಲ್ಡರಿಗೆ ಕೈ ಹಾಕಿದವನಿಗೆ ಮಾತ್ರ ಅಲ್ಲಿ ಫೇಸು ಜೀವಂತವಾಗಿ ಕಾದು ಕೂತಿರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2021ರ ಒಂದೇ ವರ್ಷ ದೇಶದಲ್ಲಿ ವಿದ್ಯುತ್ ಆಘಾತದಿಂದ ಸತ್ತವರು 12 ಸಾವಿರಕ್ಕೂ ಹೆಚ್ಚು. ಹೊಲದ ಪಂಪ್‌ಸೆಟ್ಟು, ಬಿದ್ದ ತಂತಿ ಎಲ್ಲಾ ಸೇರಿದ ಲೆಕ್ಕ ಅದು. ಆದರೆ ಒದ್ದೆ ಕೈಯಲ್ಲಿ ಫ್ರಿಜ್ಜು ಮುಟ್ಟೋ ಹೆಂಗಸು, ನೀರಿನ ಮೋಟರು ಹಾಕೋ ಹುಡುಗ, ಇವರ ಪ್ರಾಣವೂ ಬೋರ್ಡಿನ ಮೇಲೇ ನಿಂತಿದೆ.

ಮದ್ದು ಹೊಸದೇನಲ್ಲ, ಅಂಗಡಿಯಲ್ಲೇ ಸಿಗುತ್ತದೆ. ಮರದ ಹಲಗೆಯ ಬದಲು ಲೋಹದ ಡಿಬಿ ಪೆಟ್ಟಿಗೆ, ಫ್ಯೂಸಿನ ಬದಲು ಎಂಸಿಬಿ. ಲೋಡು ಮೀರಿದರೆ, ಶಾರ್ಟ್ ಆದರೆ ತಾನೇ ಬೀಳುತ್ತದೆ. ಗೀಸರಿಗೊಂದು, ಅಡುಗೆಮನೆಗೊಂದು, ದೀಪಕ್ಕೊಂದು ಬೇರೆ ಬೇರೆ ಲೈನು. ‘ವ್ಯಾಪಾರದ ಹೊತ್ತಲ್ಲಿ ಅಂಗಡಿ ಪೂರ್ತಿ ಕತ್ತಲಾಗ್ತದೆ’ ಅಂತ ಹೆದರೋ ವರ್ತಕರು ತಿಳಿಯಬೇಕಾದ್ದು ಇದೇ. ಲೈನು ಬೇರೆಯಾದರೆ ಕೆಟ್ಟ ಲೈನು ಮಾತ್ರ ಆರುತ್ತದೆ, ಮಿಕ್ಕ ದೀಪ ಉರಿಯುತ್ತಲೇ ಇರುತ್ತದೆ.

ಆದರೆ ಎಂಸಿಬಿ ಕಾಯೋದು ತಂತಿಯನ್ನು, ಮನುಷ್ಯನನ್ನಲ್ಲ. 6 ಆಂಪಿಯರಿನ ಎಂಸಿಬಿ ಅಂದರೆ 6000 ಮಿಲಿ ಆಂಪಿಯರ್. ಮನುಷ್ಯನ ಪ್ರಾಣಕ್ಕೆ ಕುತ್ತು ತರಲು ಅದರ ಸಣ್ಣ ಪಾಲು ಸಾಕು. ಅದಕ್ಕೇ ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸೆಕೆಂಡಿನ ಸಣ್ಣ ಪಾಲಿನೊಳಗೆ ಕಡಿದುಬಿಡುತ್ತದೆ. ಅದರ ಮೇಲಿರೋ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಜೊತೆಗೆ ಸರಿಯಾದ ಅರ್ಥಿಂಗೂ ಬೇಕು. ಮೂರು ರಂಧ್ರದ ಸಾಕೆಟ್ಟು ಹಾಕಿ ಮೂರನೇ ರಂಧ್ರಕ್ಕೆ ತಂತಿಯನ್ನೇ ಕೊಡದ ಮನೆಗಳಿಗೆ ಊರಿನಲ್ಲಿ ಬರವಿಲ್ಲ.

ಇಲ್ಲೊಂದು ಎಚ್ಚರಿಕೆ. ಪೆಟ್ಟಿಗೆ ಹೊಸದು, ತಂತಿ ಹಳೇದು ಅಂದರೆ ಮುದುಕನಿಗೆ ಮದುಮಗನ ಪೇಟ ಸುತ್ತಿದ ಹಾಗೆ. 1.5 ಚದರ ಮಿಲಿಮೀಟರ್ ತಂತಿಗೆ 32 ಆಂಪಿಯರ್ ಎಂಸಿಬಿ ಹಾಕೋದೂ ಒಂದೇ, ದಪ್ಪ ಫ್ಯೂಸು ಸುತ್ತೋದೂ ಒಂದೇ. ಹಾಗೇ ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಅದನ್ನು ಕಿತ್ತುಹಾಕೋ ‘ಬುದ್ಧಿವಂತ’ರೂ ಇದ್ದಾರೆ. ಅದು ಬೀಳ್ತಿದ್ದರೆ ಎಲ್ಲೋ ಸೋರಿಕೆ ಇರಬಹುದು ಅಂತ ಅರ್ಥ. ಹುಡುಕಬೇಕಾದ್ದು ಸೋರಿಕೆಯನ್ನು. ಈ ಕೆಲಸ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು ಪಡೆದ ಗುತ್ತಿಗೆದಾರನದು, ಸ್ಕ್ರೂಡ್ರೈವರ್ ಇರೋ ಎಲ್ಲರದ್ದಲ್ಲ.

ಖರ್ಚು? ಸಣ್ಣ ಮನೆಯ ಬೋರ್ಡು ಬದಲಿಸೋದಕ್ಕೆ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಯ ಆಸುಪಾಸು. ತಂತಿ ಪೂರ್ತಿ ಎಳೆಸೋದಾದರೆ ಹೆಚ್ಚು, ಸುಳ್ಳಲ್ಲ. ಆದರೆ ನೆಲಕ್ಕೆ ಗ್ರಾನೈಟು, ಮುಂಬಾಗಿಲಿಗೆ ತೇಗ ಹಾಕಿಸೋ ಊರಿನಲ್ಲಿ ಇದೊಂದಕ್ಕೇ ಬಡತನ ಯಾಕೆ?

ಯಾರು ಕೊಡಬೇಕು ಅನ್ನೋದಕ್ಕೂ ಉತ್ತರ ಕಷ್ಟವಲ್ಲ. ಬೋರ್ಡು, ಗೋಡೆಯೊಳಗಿನ ತಂತಿ, ಅರ್ಥಿಂಗು ಕಟ್ಟಡದ ಅಂಗ, ಅದು ಮಾಲೀಕನ ಪಾಲು. ಬಾಡಿಗೆದಾರ ತನ್ನ ಏಸಿಗೆ, ಓವನ್ನಿಗೆ ಬೇರೆ ಲೈನು ಎಳೆಸಿದರೆ ಅದು ಅವನ ಪಾಲು. 11 ತಿಂಗಳ ಕರಾರು ಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಬರೆಸುವವರು ಈ ಎರಡು ಸಾಲನ್ನೂ ಬರೆಸಲಿ. ನಗರಪಾಲಿಕೆ ಅಂಗಡಿ ಪರವಾನಗಿ ನವೀಕರಿಸುವಾಗ ಶುಲ್ಕದ ಚೀಟಿಯ ಜೊತೆಗೆ ವೈರಿಂಗ್ ತಪಾಸಣೆಯ ಚೀಟಿಯನ್ನೂ ಕೇಳಲಿ.

ವಿದ್ಯುತ್ ಕಂಪನಿಗೂ ಒಂದು ಮಾತು. ಮಂಜೂರಾದ ಲೋಡು ಹೆಚ್ಚಿದ ಹಾಗೆಲ್ಲಾ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಅದಕ್ಕೇ ಜನ ಗೀಸರು ಹಾಕಿಸಿಯೂ ಬಲ್ಬಿನ ಕಾಲದ ಲೋಡನ್ನೇ ಇಟ್ಟುಕೊಂಡಿದ್ದಾರೆ. ನಿಜ ಹೇಳಿದವನಿಗೆ ಹೆಚ್ಚು ಬಿಲ್ಲು, ಮುಚ್ಚಿಟ್ಟವನಿಗೆ ಕಡಿಮೆ, ಇದೆಂಥ ನ್ಯಾಯ? ಲೋಡು ಏರಿಸೋ ಜೊತೆಗೆ ಬೋರ್ಡನ್ನೂ ಬದಲಿಸಿದವರಿಗೆ ಒಂದು ವರ್ಷ ಆ ಹೆಚ್ಚುವರಿ ಶುಲ್ಕ ಮಾಫಿ ಮಾಡಿ ನೋಡಲಿ. ಮೀಟರು ಬದಲಿಸಲು ಮನೆಮನೆಗೆ ಹೋದವರು ಪಕ್ಕದ ಹಲಗೆಯ ಕಡೆಗೂ ಒಂದು ಕಣ್ಣು ಹಾಯಿಸಿ ಎಚ್ಚರಿಕೆ ಚೀಟಿ ಬರೆದಿಟ್ಟು ಬರಲಿ.

ಅಷ್ಟರೊಳಗೆ, ಮನೆಯಲ್ಲಿ ಫ್ಯೂಸು ಹೋದರೆ ಯಾರೂ ಅದನ್ನು ಬಯ್ಯಬೇಕಾಗಿಲ್ಲ. ಪದೇ ಪದೇ ಹೋಗೋ ಫ್ಯೂಸಿಗಿಂತ, ವರ್ಷಗಟ್ಟಲೆ ಹೋಗದೇ ಇರೋ ಫ್ಯೂಸಿನ ಮೇಲೇ ಹೆಚ್ಚು ಅನುಮಾನ ಇರಲಿ.