ಕೋಡಿ ಬಿದ್ದರೆ ಬಾಗಿನ, ಅಂಗಡಿಗೆ ನುಗ್ಗಿದರೆ ಬೈಗುಳ!

ಮಳೆ ಬಾರದಿದ್ದರೆ ಕಪ್ಪೆ ಮದುವೆ, ಬಂದರೆ ಮೂಟೆ ಹೊತ್ತು ಅಟ್ಟ ಹತ್ತುವ ಕೆಲಸ. ಕೋಲಾರ, ಚಿಕ್ಕಬಳ್ಳಾಪುರದ ಜನರ ಪಾಡು ಇದು. ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಸೀಮೆಗೆ ಪ್ರವಾಹದ ಭಯವೇನು ಎಂದವರಿಗೆ 2021ರ ನವೆಂಬರ್ ಬುದ್ಧಿ ಕಲಿಸಿತು. ಬರೀ ಮರಳಾಗಿದ್ದ ಪಾಲಾರ್, ಉತ್ತರ ಪಿನಾಕಿನಿಗಳು ಮೈದುಂಬಿದವು. ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದವು.

ಚಳಿಗಾಲದ ಮಳೆಯ ಪೆಟ್ಟೇ ಬೇರೆ. ಮುಂಗಾರಿನ ನೀರನ್ನು ಒಣನೆಲ ಕುಡಿಯುತ್ತದೆ. ಹಿಂಗಾರಿನ ಹೊತ್ತಿಗೆ ನೆಲದ ಹೊಟ್ಟೆ ತುಂಬಿರುತ್ತದೆ. ಆಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬಿಡದೆ ಹುಯ್ಯುತ್ತದೆ. ಒಂದೆಕರೆಗೆ ಒಂದಂಗುಲ ಮಳೆಯೆಂದರೆ ಲಕ್ಷ ಲೀಟರಿಗೂ ಮೇಲೆ! ಸಾಲದ್ದಕ್ಕೆ 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ. ಬತ್ತಿದ ಬಾವಿಗಳಿಗೆ ಅದು ಒಳ್ಳೇದೇ. ಆದರೆ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದರೆ ಚೆಲ್ಲದೆ ಇರುತ್ತದೆಯೆ?

ಹಿರಿಯರು ಇದನ್ನು ಬಲ್ಲವರಾಗಿದ್ದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗಲು ರಾಜಕಾಲುವೆ ಬಿಟ್ಟಿದ್ದರು. ತೂಬು, ಕಾಲುವೆ ನೋಡಿಕೊಳ್ಳಲು ನೀರಗಂಟಿ ಇದ್ದ. ಈಗ ಎಷ್ಟೋ ಕಡೆ ಕಾಲುವೆ ಮೇಲೆ ಲೇಔಟು ಎದ್ದಿದೆ. "ಸೈಟು ಅಗ್ಗಕ್ಕೆ ಸಿಕ್ತು ಸ್ವಾಮಿ" ಎನ್ನುತ್ತಾರೆ ಕೊಂಡವರು. ನೀರಿಗೆ ಖಾತೆ, ಪಹಣಿ ಓದಲು ಬಾರದು. ಅದಕ್ಕೆ ಗೊತ್ತಿರುವುದು ಇಳಿಜಾರು ಒಂದೇ.

ವ್ಯಾಪಾರಿಗಳೂ ಸಾಚಾ ಅಲ್ಲ. ಚರಂಡಿ ಮೇಲೆ ಚಪ್ಪಡಿ ಹಾಸಿ ಅಂಗಡಿಯನ್ನು ಎರಡಡಿ ಮುಂದಕ್ಕೆ ತಂದವರು ಯಾರು? ಬೆಳಗ್ಗೆ ಗುಡಿಸಿದ ಪ್ಲಾಸ್ಟಿಕ್ಕನ್ನು ಅದೇ ಚರಂಡಿಗೆ ತಳ್ಳುವವರು ಯಾರು? ಸಂಜೆ ಮಳೆ ಹುಯ್ದಾಗ ಅಕ್ಕಿ ಮೂಟೆ ನೆನೆಯುವುದು ಅವರದೇ. ಬಸ್ ಸ್ಟಾಂಡಿನಲ್ಲಿ ಪಂಚೆ, ಸೀರೆ ಎತ್ತಿ ಹಿಡಿದು ನಿಲ್ಲುವ ಪ್ರಯಾಣಿಕ ಮಾತ್ರ ಮಾಡದ ತಪ್ಪಿಗೆ ದಂಡ ತೆರುತ್ತಾನೆ.

ಕಾನೂನು ಇಲ್ಲವೆಂದಲ್ಲ. ಕೆರೆ ಸಂರಕ್ಷಣೆಗೆಂದೇ 2014ರಲ್ಲಿ ಕಾಯ್ದೆಯಾಗಿದೆ. ಅದು ಕಪಾಟಿನಲ್ಲಿದ್ದರೆ ಏನು ಬಂತು? ಸರ್ವೆ ಮಾಡಿಸಿ ಕಾಲುವೆಗೆ ಗಡಿಕಲ್ಲು ನೆಡಲಿ. ಹೂಳು ತೆಗೆಯುವುದಿದ್ದರೆ ಮುಂಗಾರಿಗೆ ಮೊದಲು ಒಮ್ಮೆ, ದಸರೆಗೆ ಮೊದಲು ಇನ್ನೊಮ್ಮೆ ತೆಗೆಯಲಿ. ನೀರು ನುಗ್ಗಿದ ಮೇಲೆ ಜೆ.ಸಿ.ಬಿ. ತಂದು ಫೋಟೋ ಹೊಡೆಸಿಕೊಂಡರೆ ಯಾರಿಗೆ ಲಾಭ?

ಕೆರೆ ತುಂಬಿದಾಗ ಬಾಗಿನ ಬಿಡಲು ಹಾರ ತುರಾಯಿಯೊಂದಿಗೆ ಸಾಲುಗಟ್ಟುವ ಮಹನೀಯರು ಒಂದು ದಿನ ಕೋಡಿಯಿಂದ ಬಸ್ ಸ್ಟಾಂಡಿನವರೆಗೆ ಕಾಲುವೆಯಲ್ಲೇ ನಡೆದು ಬರಲಿ. ಅವರಿಗೇ ದಾರಿ ಸಿಗದಿದ್ದರೆ ನೀರಿಗೆಲ್ಲಿ ಸಿಕ್ಕೀತು?